ಗಡಾಯಿಕಲ್ಲಿನ ಭೂರಚನೆ

ಗಡಾಯಿಕಲ್ಲು ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿ ತಾಲೂಕಿನಲ್ಲಿ, ಕುದುರೆಮುಖ ಶ್ರೇಣಿಯ ಬುಡದಲ್ಲಿರುವ ಸುಮಾರು 1,700 ಅಡಿ ಎತ್ತರದ ಗ್ರಾನೈಟ್ ಬೆಟ್ಟ. ಇದಕ್ಕೆ ನರಸಿಂಹಗಡ ಎಂಬ ಹೆಸರೂ ಇದೆ. ಟಿಪ್ಪು ಸುಲ್ತಾನನು 1794ರಲ್ಲಿ ಇದರ ನೆತ್ತಿಯ ಮೇಲೆ ಕೋಟೆ ಕಟ್ಟಿಸಿ, ತಾಯಿಯ ಹೆಸರಿನಿಂದ ಅದನ್ನು ಜಮಾಲಾಬಾದ್ ಎಂದು ಕರೆದನು.

ರಚನೆ

ಅಳದಂಗಡಿ, ಬೆಳ್ತಂಗಡಿ ಪರಿಸರದ ತೋಟ-ಗದ್ದೆಗಳ ನಡುವಿನಿಂದ ಹಠಾತ್ತನೆ ಮೇಲೆದ್ದಂತೆ ಕಾಣುವ ಈ ಬಂಡೆಯನ್ನು ಆರಿದ ಜ್ವಾಲಾಮುಖಿಯೆಂದು ಭಾವಿಸುವವರಿದ್ದಾರೆ. ಅದು ಸರಿಯಲ್ಲ. ಜ್ವಾಲಾಮುಖಿಯಲ್ಲಿ ಶಿಲಾಪಾಕವು ಹೊರಚಿಮ್ಮಿ ನೆಲದ ಮೇಲೆ ಬೇಗನೆ ಆರುತ್ತದೆ. ಗ್ರಾನೈಟ್ ಆದರೋ ಭೂಗರ್ಭದ ಆಳದಲ್ಲಿಯೇ ನಿಧಾನವಾಗಿ ತಣಿದು ಹರಳುಗಟ್ಟಿದ ಶಿಲೆ. ಬರಿಗಣ್ಣಿಗೆ ಕಾಣುವ ಅದರ ಹರಳುಗಳೇ ಇದಕ್ಕೆ ಸಾಕ್ಷಿ. ಮೇಲಿನ ಮತ್ತು ಸುತ್ತಲಿನ ಮೆದು ಪದರಗಳು ಕೋಟ್ಯಂತರ ವರ್ಷಗಳ ಮಳೆಗೆ ಕೊಚ್ಚಿಹೋದ ಮೇಲೆ, ಬಿರುಕು ಕಡಿಮೆಯಿದ್ದ ಗಟ್ಟಿ ಭಾಗವು ಉಳಿದುಕೊಂಡಿತು. ಅಂದರೆ ಬೆಟ್ಟವು ಮೇಲೆದ್ದುದಕ್ಕಿಂತ ಸುತ್ತಲಿನ ನೆಲವು ತಗ್ಗಿದ್ದೇ ಹೆಚ್ಚು. ಮೇಲಿನ ಭಾರ ಇಳಿದಾಗ ಬಂಡೆಯು ಸ್ವಲ್ಪ ಹಿಗ್ಗಿ, ನೀರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಕಳಚುತ್ತದೆ. ಇಂತಹ ಬೆಟ್ಟಗಳ ದುಂಡು ನೆತ್ತಿಗೂ ಕಡಿದಾದ ನುಣುಪು ಮೈಗೂ ಇದೇ ಕಾರಣ.

ಪಶ್ಚಿಮ ಘಟ್ಟ ಮತ್ತು ಜ್ವಾಲಾಮುಖಿ

ಹಿಂದಿರುವ ಘಟ್ಟವೂ ಹಿಮಾಲಯದಂತೆ ಎರಡು ಭೂಫಲಕಗಳು ಢಿಕ್ಕಿಯಾಗಿ ಮಡಿಕೆಗೊಂಡ ಪರ್ವತವಲ್ಲ. ಅದು ದಖ್ಖನ್ ಪ್ರಸ್ಥಭೂಮಿಯ ಹರಿದ ಅಂಚು. ಭೂಭಾಗಗಳು ಒಡೆದು ದೂರ ಸರಿದಾಗ ಪಶ್ಚಿಮದ ಅಂಚು ಎತ್ತರಗೊಂಡಿತು. ಬಳಿಕ ನದಿಗಳು ಅದನ್ನು ಕೊರೆಯುತ್ತಾ ಪೂರ್ವಕ್ಕೆ ಹಿಂದೂಡಿದವು. 1,894 ಮೀಟರ್ ಎತ್ತರದ ಕುದುರೆಮುಖವು ಈ ಅಂಚಿನ ಮೇಲಿದೆ.

ಆ ಒಡೆತದ ಕಾಲದ ಲಾವಾವನ್ನು ನೋಡಬೇಕಾದರೆ ಮಲ್ಪೆಯ ಬಳಿಯ ಸೇಂಟ್ ಮೇರೀಸ್ ದ್ವೀಪಗಳಿಗೆ ಹೋಗಬೇಕು. ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಸುಮಾರು 8.8 ಕೋಟಿ ವರ್ಷಗಳ ಹಿಂದೆ ಹೊರಬಂದ ಲಾವಾ ಅಲ್ಲಿ ಬಹುಕೋನದ ಕಂಬಗಳಾಗಿ ಸೀಳಿ ನಿಂತಿದೆ. ಪ್ರವಾಸಿ ಬರಹಗಳು ಇದನ್ನು ಬಸಾಲ್ಟ್ ಎನ್ನುವುದುಂಟು. ವಾಸ್ತವವಾಗಿ ಅದು ಸಿಲಿಕಾ ಹೆಚ್ಚಿರುವ ರಯೋಲೈಟ್ ವರ್ಗದ ಶಿಲೆ.

ಇಂದಿನ ಬದಲಾವಣೆ

ಕರಾವಳಿಯ ಬಿಸಿಲು-ಮಳೆಗಳಲ್ಲಿ ಶಿಲೆಯು ಕೊಳೆತು ಮುರಕಲ್ಲು ಮತ್ತು ಕೆಂಪು ಮಣ್ಣಾಗುತ್ತದೆ. ಘಟ್ಟದ ಇಳಿಜಾರಿನಲ್ಲಿ ಇಂತಹ ಮಣ್ಣು ಗಟ್ಟಿ ಬಂಡೆಯ ಮೇಲೆ ಹೊದಿಕೆಯಂತೆ ಕುಳಿತಿದೆ. ನಿರಂತರ ಮಳೆಗೆ ಇಂಗಿದ ನೀರು ಬಂಡೆಯನ್ನು ತಲುಪಿ ಮುಂದೆ ಇಳಿಯಲಾರದೆ ನಿಂತಾಗ ಹೊದಿಕೆ ಸಡಿಲಗೊಂಡು ಜಾರುತ್ತದೆ. 2019ರ ಆಗಸ್ಟ್ ತಿಂಗಳಿನಲ್ಲಿ ಚಾರ್ಮಾಡಿ ಘಟ್ಟದಲ್ಲಿ ಗುಡ್ಡಗಳು ಕುಸಿದು ರಸ್ತೆ ಸಂಚಾರ ನಿಂತಿತು. ತಪ್ಪಲಿನ ತೋಟಗಳಿಗೆ ಹೂಳು ನುಗ್ಗಿತು. ಇಳಿಜಾರಿನ ಬುಡವನ್ನು ರಸ್ತೆಗಾಗಿ, ಮನೆಗಾಗಿ ನೇರವಾಗಿ ಕತ್ತರಿಸಿದ ಕಡೆ ಅಪಾಯ ಇನ್ನೂ ಹೆಚ್ಚು. ಹೀಗೆ ಇಳಿದ ಮಣ್ಣಿನ ಒಂದು ಪಾಲನ್ನು ನೇತ್ರಾವತಿಯು ಮಂಗಳೂರಿನ ಬಳಿ ಕಡಲಿಗೆ ಸೇರಿಸುತ್ತದೆ.