ಹಿಂದೆಗೆಯಲಾಗದ ಅಸ್ತ್ರ

ಮಹಾಭಾರತದ ಕಥೆಯನ್ನು ಬಲ್ಲವರಿಗೆ ಸೌಪ್ತಿಕ ಪರ್ವದ ಕೊನೆಯ ಪ್ರಸಂಗ ನೆನಪಿರುತ್ತದೆ. ಹದಿನೆಂಟು ದಿನಗಳ ಯುದ್ಧ ಮುಗಿದಿದೆ. ದುರ್ಯೋಧನ ನೆಲಕ್ಕೆ ಒರಗಿದ್ದಾನೆ. ಆಗ ಅಶ್ವತ್ಥಾಮನು ಒಂದು ಹುಲ್ಲುಕಡ್ಡಿಯನ್ನು ಅಭಿಮಂತ್ರಿಸಿ ಮಹಾಸ್ತ್ರವನ್ನಾಗಿ ಬಿಟ್ಟನು. ಅರ್ಜುನನೂ ಪ್ರತ್ಯಸ್ತ್ರವನ್ನು ಬಿಟ್ಟನು. ಋಷಿಗಳು ನಡುವೆ ಬಂದು, ಇಬ್ಬರೂ ಅಸ್ತ್ರಗಳನ್ನು ಹಿಂದೆಗೆದುಕೊಳ್ಳಿರೆಂದಾಗ ಅರ್ಜುನನು ಹಿಂದೆಗೆದುಕೊಂಡನು. ಅಶ್ವತ್ಥಾಮನಿಗೆ ಬಿಡುವ ವಿದ್ಯೆ ತಿಳಿದಿತ್ತೇ ಹೊರತು ಹಿಂದೆಗೆಯುವ ವಿದ್ಯೆ ತಿಳಿದಿರಲಿಲ್ಲ. ಆ ಅಸ್ತ್ರ ಹೋಗಿ ತಗುಲಿದ್ದು ಉತ್ತರೆಯ ಗರ್ಭದಲ್ಲಿದ್ದ ಶಿಶುವಿಗೆ.

ಯುದ್ಧ ಮುಗಿದ ಮೇಲೆ, ಯುದ್ಧದಲ್ಲಿ ಪಾಲುಗೊಳ್ಳದವರನ್ನು ಹುಡುಕಿಕೊಂಡು ಹೋಗುವ ಇಂಥ ಆಯುಧವೊಂದು ನಮ್ಮ ಕಾಲದಲ್ಲಿಯೂ ಉಂಟು. ಅದರ ಹೆಸರು ನೆಲಬಾಂಬು. ಅದು ಎಂಥದು, ಅದನ್ನು ನೆಲದಿಂದ ಹೇಗೆ ತೆಗೆಯುತ್ತಾರೆ, ತೆಗೆದು ಮುಗಿಸುವುದು ಸಾಧ್ಯವೆ ಎಂಬುದನ್ನು ಇಲ್ಲಿ ನೋಡೋಣ.

ನೆಲಬಾಂಬಿನಲ್ಲಿ ಮುಖ್ಯವಾಗಿ ಎರಡು ಬಗೆ. ಟ್ಯಾಂಕು, ಲಾರಿಗಳನ್ನು ತಡೆಯಲು ಹೂಳುವಂಥದು ಒಂದು. ಮನುಷ್ಯರಿಗೆಂದೇ ಹೂಳುವಂಥದು ಇನ್ನೊಂದು. ಎರಡನೆಯದು ಗಾತ್ರದಲ್ಲಿ ಚಿಕ್ಕದು. ಸೋವಿಯತ್ ಒಕ್ಕೂಟದಲ್ಲಿ ತಯಾರಾದ ಪಿ.ಎಂ.ಎನ್. ಎಂಬ ಬಾಂಬನ್ನು ತೆಗೆದುಕೊಳ್ಳಿ. ಅಂಗೈಯಗಲದ ದುಂಡನೆಯ ಡಬ್ಬಿ ಅದು. ಮೈ ಬೇಕಲೈಟಿನದು, ಮೇಲ್ಮುಚ್ಚಳ ರಬ್ಬರಿನದು, ಒಳಗೆ ಸುಮಾರು 240 ಗ್ರಾಂ ಟಿ.ಎನ್.ಟಿ. ಎಂಬ ಸಿಡಿಮದ್ದು. ಮುಚ್ಚಳದ ಮೇಲೆ ಕಾಲು ಬಿದ್ದರೆ ಒಳಗಿನ ಸ್ಪ್ರಿಂಗು ಕಳಚಿ ಮದ್ದು ಸಿಡಿಯುತ್ತದೆ. ಅದಕ್ಕೆ ಸೈನಿಕನ ಭಾರವೇ ಬೇಕೆಂದಿಲ್ಲ, ಶಾಲೆಗೆ ಹೋಗುವ ಹುಡುಗನ ಭಾರವೂ ಸಾಕು. ಬಂದೂಕನ್ನು ಹಿಡಿದವನು ಗುರಿಯನ್ನು ನೋಡಿ ಗುಂಡು ಹಾರಿಸುತ್ತಾನೆ; ನೆಲಬಾಂಬಿನಲ್ಲಿ ಗುಂಡಿ ಒತ್ತುವವನು ಸಾಯುವವನೇ. ಸಂಧಿಪತ್ರಕ್ಕೆ ರುಜು ಬಿದ್ದದ್ದು ಅದಕ್ಕೆ ತಿಳಿಯುವುದಿಲ್ಲ. ಹತ್ತು, ಇಪ್ಪತ್ತು, ಮೂವತ್ತು ವರ್ಷಗಳಾದರೂ ಅದು ಮಣ್ಣಿನಲ್ಲಿ ಕಾದುಕೊಂಡೇ ಇರುತ್ತದೆ.

ಹಿಂದೂ ಮಹಾಸಾಗರದ ಆಚೆಯ ದಂಡೆಯಲ್ಲಿ, ಆಫ್ರಿಕದ ಪೂರ್ವ ಕರಾವಳಿಯಲ್ಲಿ ಮೊಜಾಂಬೀಕ್ ಎಂಬ ದೇಶವಿದೆ. ಪೋರ್ಚುಗೀಸರ ಆಳ್ವಿಕೆಯ ವಿರುದ್ಧ 1964ರಿಂದ ಹೋರಾಡಿ 1975ರಲ್ಲಿ ಅದು ಸ್ವತಂತ್ರವಾಯಿತು. ಎರಡೇ ವರ್ಷದಲ್ಲಿ ಒಳಜಗಳ ಹೊತ್ತಿಕೊಂಡಿತು. 1992ರ ಅಕ್ಟೋಬರ್ 4ರಂದು ರೋಮ್ ನಗರದಲ್ಲಿ ಶಾಂತಿ ಒಪ್ಪಂದವಾಗುವವರೆಗೆ ಅದು ಆರಲಿಲ್ಲ. ಈ ಎರಡು ಯುದ್ಧಗಳಲ್ಲಿ ಎಲ್ಲ ಪಕ್ಷದವರೂ ನೆಲಬಾಂಬುಗಳನ್ನು ಹೂತರು. ಗಡಿಗಳಲ್ಲಿ ಹೂತರು, ಕಹೋರಾ ಬಾಸಾ ಅಣೆಕಟ್ಟಿನ ಸುತ್ತ, ವಿದ್ಯುತ್ ಕಂಬಗಳ ಬುಡದಲ್ಲಿ, ರೈಲುಸೇತುವೆಗಳ ಪಕ್ಕದಲ್ಲಿ ಹೂತರು. ಹೂತವರಲ್ಲಿ ಎಷ್ಟೋ ಮಂದಿ ನಕ್ಷೆಯನ್ನೂ ಇಡಲಿಲ್ಲ.

ಒಪ್ಪಂದವಾದ ಮೇಲೆ ವಲಸೆ ಹೋಗಿದ್ದ ಲಕ್ಷಾಂತರ ಜನ ಊರಿಗೆ ಮರಳಿದರು. ಹೊಲವಿತ್ತು, ಉಳುವಂತಿರಲಿಲ್ಲ. ಬಾವಿಯಿತ್ತು, ಅದರ ದಾರಿಯನ್ನು ನಂಬುವಂತಿರಲಿಲ್ಲ. ಕಾಲು ಕಳೆದುಕೊಂಡವರ ಸಂಕಟ ಕಣ್ಣಿಗೆ ಕಾಣುತ್ತದೆ. ಬಿತ್ತದೆ ಬೀಳುಬಿದ್ದ ಹೊಲದ ನಷ್ಟ, ಸುತ್ತುದಾರಿಯಲ್ಲಿ ನೀರು ಹೊರುವ ಹೆಂಗಸಿನ ದಣಿವು ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಬಾಂಬು ಒಂದೇ ಇದ್ದರೂ ಅದು ಎಲ್ಲಿದೆಯೆಂದು ತಿಳಿಯದಿದ್ದರೆ ಇಡೀ ಹೊಲವೇ ನಿಷಿದ್ಧ.

ಹಾಗಾದರೆ ತೆಗೆಯುವ ಬಗೆ ಹೇಗೆ? ಮೊದಲ ಕೆಲಸ ವಿಚಾರಣೆ. ಊರಿನ ಹಿರಿಯರನ್ನು, ದನಗಾಹಿಗಳನ್ನು, ಹಳೆಯ ಸೈನಿಕರನ್ನು ಕೇಳಬೇಕು. ದನ ಎಲ್ಲಿ ಸತ್ತಿತು, ಯಾವ ಕಾಲುದಾರಿಯನ್ನು ಜನ ಬಿಟ್ಟರು ಎಂಬುದನ್ನು ಗುರುತು ಹಾಕಿಕೊಳ್ಳಬೇಕು. ಈ ವಿಚಾರಣೆಯ ಬೆಲೆ ಸಾಮಾನ್ಯವಲ್ಲ. ಮೊಜಾಂಬೀಕಿನಲ್ಲಿ 20 ಲಕ್ಷ ಬಾಂಬುಗಳಿವೆಯೆಂದು ಮೊದಲು ಅಂದಾಜು ಮಾಡಿದ್ದರು. ಊರೂರು ತಿರುಗಿ ನೋಡಿದಾಗ ಸಂಖ್ಯೆ ಅದಕ್ಕಿಂತ ಬಹಳ ಕಡಮೆಯೆಂದು ತಿಳಿಯಿತು. ಬರಿಯ ಭಯದಿಂದ ಪಾಳುಬಿಟ್ಟಿದ್ದ ಎಷ್ಟೋ ನೆಲ ವಿಚಾರಣೆಯೊಂದರಿಂದಲೇ ಬಿಡುಗಡೆ ಹೊಂದಿತು.

ಅನುಮಾನ ನಿಂತ ಜಾಗಕ್ಕೆ ಗೂಟ ನೆಟ್ಟು, ಕೆಂಪು ಫಲಕ ಕಟ್ಟುತ್ತಾರೆ. ಬಳಿಕ ಕೆಲಸಗಾರನು ಎದೆಗವಚ, ಮುಖಗವಸುಗಳನ್ನು ಧರಿಸಿ ಸುಮಾರು ಒಂದು ಮೀಟರ್ ಅಗಲದ ಪಟ್ಟಿಯಲ್ಲಿ ಮುಂದುವರಿಯುತ್ತಾನೆ. ಮೊದಲು ಹುಲ್ಲು ಕತ್ತರಿಸುತ್ತಾನೆ, ಲೋಹಶೋಧಕವನ್ನು ಆಡಿಸುತ್ತಾನೆ, ಅದು ದನಿ ಮಾಡಿದರೆ ಮಂಡಿಯೂರಿ, ಸಲಾಕೆಯನ್ನು ಓರೆಯಾಗಿ ಚುಚ್ಚುತ್ತಾ ಬದಿಯಿಂದ ಮಣ್ಣನ್ನು ಬಿಡಿಸುತ್ತಾನೆ. ಮೇಲಿನಿಂದ ಒತ್ತಿದರೆ ಸಿಡಿಯುವ ವಸ್ತುವಾದುದರಿಂದ ಬದಿಯಿಂದಲೇ ಸಮೀಪಿಸಬೇಕು. ಸಿಕ್ಕಿದ್ದು ಬಹಳ ಸಲ ಹಳೆಯ ಮೊಳೆ, ಡಬ್ಬಿಯ ತುಂಡು. ಆದರೂ ಪ್ರತಿಯೊಂದು ದನಿಗೂ ಇಷ್ಟೇ ಜಾಗರೂಕತೆ. ಬಾಂಬೇ ಸಿಕ್ಕಿದರೆ ಸಾಮಾನ್ಯವಾಗಿ ಅದನ್ನು ಇದ್ದಲ್ಲಿಯೇ ಮದ್ದಿಟ್ಟು ಸಿಡಿಸುತ್ತಾರೆ. ಹೂಳಲು ಕೆಲವು ನಿಮಿಷ ಸಾಕಾದ ವಸ್ತುವನ್ನು ತೆಗೆಯಲು ದಿನಗಳೇ ಬೇಕಾಗುವುದು ಹೀಗೆ.

ಈ ಕೆಲಸದಲ್ಲಿ ಮನುಷ್ಯನಿಗೆ ನೆರವಾದ ಒಂದು ಪ್ರಾಣಿಯ ವಿಷಯವನ್ನು ಹೇಳಲೇಬೇಕು. ಗಣಪತಿಯ ವಾಹನಕ್ಕೆ ನಮ್ಮಲ್ಲಿ ಪೂಜೆಯುಂಟು. ಕಣಜಕ್ಕೆ ನುಗ್ಗಿದರೆ ಬೋನೂ ಉಂಟು. ಆಫ್ರಿಕದಲ್ಲಿ ಕೆನ್ನೆಯಲ್ಲಿ ಚೀಲವುಳ್ಳ, ಸುಮಾರು ಒಂದು ಕಿಲೋ ತೂಗುವ ಇಲಿಯ ಜಾತಿಯೊಂದಿದೆ. ಬೆಲ್ಜಿಯಮ್ಮಿನಲ್ಲಿ ಹುಟ್ಟಿದ ಅಪೋಪೋ ಎಂಬ ಸಂಸ್ಥೆ ಟಾಂಜಾನಿಯದ ಮೊರೊಗೊರೊ ಪಟ್ಟಣದಲ್ಲಿ ಇವುಗಳಿಗೆ ಸಿಡಿಮದ್ದಿನ ವಾಸನೆ ಹಿಡಿಯುವುದನ್ನು ಕಲಿಸುತ್ತದೆ. ಸರಿಯಾಗಿ ಹಿಡಿದರೆ ಬಾಳೆಹಣ್ಣಿನ ಚೂರು ಬಹುಮಾನ. ಇಲಿಯ ಭಾರಕ್ಕೆ ಬಾಂಬು ಸಿಡಿಯುವುದಿಲ್ಲ. ಹಳೆಯ ಕಬ್ಬಿಣಕ್ಕೆ ಇಲಿ ಮೋಸಹೋಗುವುದಿಲ್ಲ. ಟೆನಿಸ್ ಅಂಗಣದಷ್ಟು ನೆಲವನ್ನು ಅದು ಅರ್ಧ ಗಂಟೆಯಲ್ಲಿ ಮೂಸಿ ಮುಗಿಸುತ್ತದೆ. ಲೋಹಶೋಧಕ ಹಿಡಿದ ಮನುಷ್ಯನಿಗೆ ಅದು ದಿನಗಳ ಕೆಲಸ. ಮೊಜಾಂಬೀಕಿನಲ್ಲಿಯೂ ಇವು ದುಡಿದವು. ಕಾಂಬೋಡಿಯದಲ್ಲಿ ದುಡಿದ ಮಗಾವಾ ಎಂಬ ಇಲಿಗೆ 2020ರಲ್ಲಿ ಬ್ರಿಟನ್ನಿನ ಪ್ರಾಣಿದಯಾ ಸಂಸ್ಥೆಯೊಂದು ಚಿನ್ನದ ಪದಕವನ್ನೇ ಕೊಟ್ಟಿತು.

ಮೊಜಾಂಬೀಕಿನ ಕೆಲಸ 1993ರಲ್ಲಿ ಮೊದಲಾಯಿತು. ಶಾಂತಿಪಾಲನೆಗಾಗಿ ವಿಶ್ವಸಂಸ್ಥೆ ಅಲ್ಲಿಗೆ ಕಳುಹಿಸಿದ ಪಡೆಯಲ್ಲಿ ನಮ್ಮ ಭಾರತೀಯ ಸೇನೆಯ ಎಂಜಿನಿಯರುಗಳೂ ಇದ್ದರೆಂಬುದು ನಾವು ನೆನೆಯತಕ್ಕ ಮಾತು. ಬಹುಪಾಲು ಬಾಂಬುಗಳನ್ನು ತೆಗೆದದ್ದು ಹೇಲೋ ಟ್ರಸ್ಟ್ ಎಂಬ ಸಂಸ್ಥೆ. ಅದೊಂದೇ ನಾಶಪಡಿಸಿದ ಬಾಂಬುಗಳು ಸುಮಾರು 1,71,000. ಅದರಲ್ಲಿ ದುಡಿದವರು ಹೆಚ್ಚಾಗಿ ಆ ದೇಶದ ಹಳ್ಳಿಗಳ ಗಂಡಸರು, ಹೆಂಗಸರು. ನಡುವೆ ಗಡುವು ಮೀರಿತು, ಅದನ್ನು ವಿಸ್ತರಿಸಿಕೊಳ್ಳಬೇಕಾಯಿತು. ಆದರೆ 2015ರ ಸೆಪ್ಟೆಂಬರ್ 17ರಂದು, ತಿಳಿದಿದ್ದ ಬಾಂಬುಪ್ರದೇಶಗಳೆಲ್ಲವೂ ನಿರ್ಮಲವಾದವೆಂದು ಮೊಜಾಂಬೀಕ್ ಘೋಷಿಸಿತು. ಇಪ್ಪತ್ತೆರಡು ವರ್ಷಗಳ ದುಡಿಮೆ! ಕೊನೆಗಾಣದು ಎಂದು ಜಗತ್ತು ಕೈಚೆಲ್ಲಿದ್ದ ಕೆಲಸ ಕೊನೆಗಂಡಿತು. ಆಮೇಲೆ, 2017ರಿಂದ, ದೇಶದ ಉತ್ತರದಲ್ಲಿ ಹೊಸ ಹಿಂಸೆ ತಲೆಯೆತ್ತಿ ಮತ್ತೆ ಸಿಡಿಮದ್ದುಗಳನ್ನು ತಂದದ್ದು ದುಃಖದ ಸಂಗತಿ. ತೆಗೆಯುವವರು ಎಷ್ಟು ಶ್ರಮಪಟ್ಟರೂ, ಹೂಳುವ ಕೈ ನಿಲ್ಲದೆ ಅದು ಉಳಿಯುವುದಿಲ್ಲ.

ಆ ಕೈಯನ್ನು ತಡೆಯಲೆಂದೇ 1997ರ ಡಿಸೆಂಬರಿನಲ್ಲಿ ಕೆನಡದ ಒಟ್ಟಾವಾದಲ್ಲಿ ಒಂದು ಒಪ್ಪಂದಕ್ಕೆ ರುಜುಗಳು ಬಿದ್ದವು. 1999ರ ಮಾರ್ಚ್ 1ರಿಂದ ಅದು ಜಾರಿಗೆ ಬಂದಿತು. ಮನುಷ್ಯರಿಗೆಂದು ಇಡುವ ನೆಲಬಾಂಬನ್ನು ತಯಾರಿಸಬಾರದು, ಕೂಡಿಡಬಾರದು, ಮಾರಬಾರದು, ಹೂಳಬಾರದು. ಹೂತದ್ದನ್ನು ಹತ್ತು ವರ್ಷಗಳಲ್ಲಿ ತೆಗೆಯಬೇಕು ಎಂಬುದು ಅದರ ಸಾರ. ನೂರೈವತ್ತಕ್ಕೂ ಹೆಚ್ಚು ದೇಶಗಳು ಅದನ್ನು ಒಪ್ಪಿದವು. ಅಮೆರಿಕ, ರಷ್ಯ, ಚೀನ ಒಪ್ಪಲಿಲ್ಲ. 2025ರಲ್ಲಿ ಯುರೋಪಿನ ಕೆಲವು ದೇಶಗಳು, ನೆರೆಯ ರಷ್ಯದ ಭೀತಿಯಿಂದ, ಹೊರಬರುವ ನಿರ್ಧಾರವನ್ನು ಕೈಗೊಂಡವು. ಭಾರತವೂ ಇದಕ್ಕೆ ರುಜು ಹಾಕಿಲ್ಲ. ನಮ್ಮ ಗಡಿಗಳ ರಕ್ಷಣೆಗೆ ಬೇಕು ಎಂಬುದು ಸರ್ಕಾರದ ನಿಲುವು. ಬಾಂಬಿಟ್ಟ ನೆಲಕ್ಕೆ ಬೇಲಿ, ಗುರುತು ಇರಬೇಕೆಂಬ ಮತ್ತೊಂದು ಅಂತರರಾಷ್ಟ್ರೀಯ ಕಟ್ಟಳೆಯನ್ನು ಭಾರತ ಒಪ್ಪಿದೆ.

ಈ ವಿಷಯ ನಮಗೆ ದೂರದ್ದೆಂದು ತಿಳಿಯಬೇಡಿ. 2001ರ ಡಿಸೆಂಬರಿನಲ್ಲಿ ಸಂಸತ್ತಿನ ಮೇಲೆ ದಾಳಿಯಾದ ಬಳಿಕ ಪಂಜಾಬು, ರಾಜಸ್ಥಾನ, ಜಮ್ಮು ಗಡಿಯ ರೈತರ ಹೊಲಗಳಲ್ಲಿ ನೆಲಬಾಂಬುಗಳನ್ನು ಹೂಳಲಾಯಿತು. ಹೂಳುವಾಗಲೂ ತೆಗೆಯುವಾಗಲೂ ನಮ್ಮ ಯೋಧರೇ ಗಾಯಗೊಂಡರು, ಪ್ರಾಣ ತೆತ್ತರು. ದೇಶದ ರಕ್ಷಣೆ ಹೇಗಾಗಬೇಕೆಂಬುದನ್ನು ಬಲ್ಲವರು ನಿರ್ಧರಿಸಲಿ. ಆದರೆ ಅದರ ಬೆಲೆಯನ್ನು ನಾಗರಿಕರಾದ ನಾವು ತಿಳಿದಿರಬೇಕು.

ಗಡಿಯತ್ತ ಯಾತ್ರೆಗೋ ಕೆಲಸಕ್ಕೋ ಹೋಗುವವರು ಇಷ್ಟನ್ನು ಮನಸ್ಸಿನಲ್ಲಿಡಿ. ಎಚ್ಚರಿಕೆಯ ಫಲಕವನ್ನು ದಾಟಬೇಡಿ. ನೆಲದಲ್ಲಿ ಅಪರಿಚಿತ ವಸ್ತು ಕಂಡರೆ ಮುಟ್ಟಬೇಡಿ, ಕಲ್ಲೆಸೆಯಬೇಡಿ. ದೂರ ನಿಂತು ಪೊಲೀಸರಿಗೋ ಸೈನ್ಯದವರಿಗೋ ತಿಳಿಸಿ. ಅಪಾಯದ ನೆಲದಲ್ಲಿದ್ದೇವೆಂಬ ಅನುಮಾನ ಬಂದರೆ ಅಲ್ಲಿಯೇ ನಿಂತು ಕೂಗಿ ನೆರವು ಕೇಳಿ. ಮಕ್ಕಳಿಗೂ ಇದನ್ನು ಕಲಿಸಿ. ಪ್ರತಿವರ್ಷ ಏಪ್ರಿಲ್ 4ರಂದು ವಿಶ್ವಸಂಸ್ಥೆ ಈ ಅರಿವಿನ ದಿನವನ್ನು ಆಚರಿಸುತ್ತದೆ. ಶಾಲೆಗಳಲ್ಲಿ ಒಂದು ತರಗತಿಯನ್ನು ಅದಕ್ಕೆ ಮೀಸಲಿಡಬಹುದು.

ಉತ್ತರೆಯ ಶಿಶುವನ್ನು ಬದುಕಿಸಲು ಶ್ರೀಕೃಷ್ಣನೇ ಬರಬೇಕಾಯಿತು. ನೆಲಬಾಂಬಿನ ವಿಷಯದಲ್ಲಿ ಆ ಕೆಲಸ ಮುಖಗವಸು ತೊಟ್ಟು ಮಂಡಿಯೂರಿದ ಸಾಮಾನ್ಯ ಜನರ ಪಾಲಿಗೆ ಬಂದಿದೆ. ಹೊಲಗಳನ್ನು ಒಂದೊಂದು ಗೇಣಾಗಿ ಬಿಡಿಸಿ ರೈತನ ಕೈಗೆ ಕೊಡುತ್ತಿರುವ ಅವರಿಗೆ ನಮ್ಮ ಗೌರವವೂ ಕೈಲಾದ ನೆರವೂ ಸಲ್ಲಬೇಕು.