ಗುಂಡಿ ಬ್ಯಾಟರಿಯ ಮೇಲೆ ಬಾಳುವ ಯಂತ್ರ



ಕಳೆದ ಚಳಿಗಾಲದಲ್ಲಿ ನಮ್ಮ ಮನೆಯ ಗ್ಯಾರೇಜಿನ ನೀರಿನ ಕೊಳವೆಯೊಂದು ಹೆಪ್ಪುಗಟ್ಟಿ ಒಡೆಯಿತು. ಉಷ್ಣತೆ ಸೊನ್ನೆಯ ಸಮೀಪಕ್ಕೆ ಇಳಿದೊಡನೆ ರೇಡಿಯೋ ಮೂಲಕ ಎಚ್ಚರಿಸಲೆಂದೇ ನಾವು ಅಲ್ಲಿ ಪುಟ್ಟ ಯಂತ್ರವೊಂದನ್ನು ತೂಗುಹಾಕಿದ್ದೆವು. ಅತ್ಯಂತ ಚಳಿಯ ರಾತ್ರಿಯೇ ಅದು ಮೂಕವಾಯಿತು. ಬ್ಯಾಟರಿ ಮುಗಿದಿರಬೇಕೆಂದು ತೆಗೆದು ಮೀಟರಿಗೆ ಹಿಡಿದರೆ 2.8 ವೋಲ್ಟ್! ಈ ಸೋಜಿಗದ ಕಾರಣವನ್ನು ಇಂದು ನಿಮ್ಮ ಮುಂದಿಡಬಯಸುತ್ತೇವೆ.

ಆ ಬ್ಯಾಟರಿ ಸಿ.ಆರ್. 2032. ವ್ಯಾಸ 20 ಮಿಲಿಮೀಟರ್, ದಪ್ಪ 3.2, ಹೆಸರಿನ ಅಂಕಿಗಳಲ್ಲಿ ಅಡಗಿರುವುದು ಈ ಅಳತೆಯೇ. ಲಿಥಿಯಂ ಮತ್ತು ಮ್ಯಾಂಗನೀಸ್ ಡೈಆಕ್ಸೈಡುಗಳ ಸಂಯೋಗದಿಂದ 3 ವೋಲ್ಟ್ ಒದಗಿಸುತ್ತದೆ. ಸಂಗ್ರಹ ಸುಮಾರು 220 ಮಿಲಿಆಂಪಿಯರ್-ಗಂಟೆ. ವರ್ಷಕ್ಕೆ 8760 ಗಂಟೆಗಳಾದ್ದರಿಂದ, ಒಂದು ವರ್ಷ ಬಾಳಬೇಕಾದರೂ ಸರಾಸರಿ ವೆಚ್ಚ 25 ಮೈಕ್ರೋಆಂಪಿಯರನ್ನು ಮೀರಕೂಡದು. 10 ಮಿಲಿಆಂಪಿಯರ್ ಬೇಡುವ ಎಲ್.ಇ.ಡಿ. ದೀಪವೊಂದನ್ನು ಸದಾ ಉರಿಸಿದರೆ ಬ್ಯಾಟರಿ ಒಂದು ದಿನವೂ ಬಾರದು.

ಹೀಗಾಗಿ ಯಂತ್ರವು ಕುಂಭಕರ್ಣನಂತೆ ಮಲಗಿರಬೇಕು. ನಾವು ಬಳಸಿದ ಎಟಿಟೈನಿ85ವಿ ಎಂಬ ಮೈಕ್ರೋಕಂಟ್ರೋಲರ್, ಎಚ್ಚರಿಸುವ ಗಡಿಯಾರವೊಂದನ್ನು ಮಾತ್ರ ಉಳಿಸಿಕೊಂಡು ನಿದ್ರಿಸುವಾಗ, ಸುಮಾರು 5 ಮೈಕ್ರೋಆಂಪಿಯರ್ ಸಾಕೆನ್ನುತ್ತದೆ. ನಿಮಿಷಕ್ಕೊಮ್ಮೆ ಎದ್ದು 10 ಮಿಲಿಸೆಕೆಂಡು ರೇಡಿಯೋ ನಡೆಸಲು 12 ಮಿಲಿಆಂಪಿಯರ್ ಬೇಕಾದರೂ, ನಿಮಿಷದುದ್ದಕ್ಕೆ ಹಂಚಿದಾಗ ಅದು 2 ಮೈಕ್ರೋಆಂಪಿಯರ್ ಮಾತ್ರ. ಒಟ್ಟು 7. ಲೆಕ್ಕದ ಪ್ರಕಾರ ಮೂರೂವರೆ ವರ್ಷ! ನಾವು ಬೀಗಿದ್ದು ಇಲ್ಲಿಯೇ.

ಸರಾಸರಿಯ ಲೆಕ್ಕ ಮರೆಮಾಡುವ ಸಂಗತಿಯೊಂದಿದೆ. ಬ್ಯಾಟರಿಯೊಳಗೂ ರೋಧವಿರುತ್ತದೆ. ದೊಡ್ಡ ಕೆರೆಗೆ ಕಿರಿದಾದ ತೂಬಿದ್ದಂತೆ: ನೀರಿದ್ದರೂ ಒಮ್ಮೆಲೇ ಹರಿಯದು. ಹೊಸ ಬ್ಯಾಟರಿಯಲ್ಲಿ ಈ ರೋಧ 20 ಓಮ್ ಎಂದಿಟ್ಟುಕೊಂಡರೆ, 12 ಮಿಲಿಆಂಪಿಯರ್ ಸೆಳೆದಾಗ ಕುಸಿಯುವುದು ಕಾಲು ವೋಲ್ಟಿನಷ್ಟು. ಬಳಸಿದಂತೆ ರೋಧ ಏರುತ್ತದೆ. ಚಳಿ ಅದನ್ನು ಇನ್ನಷ್ಟು ಏರಿಸುತ್ತದೆ. ಅದು 100 ಓಮ್ ಆಯಿತೆನ್ನಿ. ಆಗ 1.2 ವೋಲ್ಟ್ ಕುಸಿದು, ಮೈಕ್ರೋಕಂಟ್ರೋಲರಿಗೆ ಉಳಿಯುವುದು 1.6. ಅದಕ್ಕೆ ಕನಿಷ್ಠ 1.8 ಬೇಕು. ಮಲಗಿರುವಾಗ ಸುಖವಾಗಿದ್ದು, ಕೂಗಲು ಬಾಯಿ ತೆರೆದಾಗ ಮೂರ್ಛೆ ಹೋಗುವುದು! ಮೀಟರು ವಿದ್ಯುತ್ತನ್ನು ಹೆಚ್ಚು ಸೆಳೆಯುವುದೇ ಇಲ್ಲವಾದ್ದರಿಂದ ಅದಕ್ಕೆ ಈ ಕುಸಿತ ಕಾಣಲಿಲ್ಲ.

ಪರಿಹಾರವೇನೋ ಸುಲಭ. ಬ್ಯಾಟರಿಯ ಪಕ್ಕದಲ್ಲಿ ಕೆಪಾಸಿಟರೊಂದನ್ನು ಜೋಡಿಸಿದರೆ ಆ ಕ್ಷಣದ ಹಸಿವನ್ನು ಅದೇ ಹಿಂಗಿಸುತ್ತದೆ. ಬ್ಯಾಟರಿ ನಿಧಾನವಾಗಿ ಅದನ್ನು ಮತ್ತೆ ತುಂಬುತ್ತದೆ. 100 ಮೈಕ್ರೋಫ್ಯಾರಡ್ ಸಾಲದು, ಅದೊಂದೇ ಭಾರ ಹೊತ್ತರೆ 1.2 ವೋಲ್ಟ್ ಇಳಿಯುತ್ತದೆ. 470 ಆದರೆ ಇಳಿಕೆ ಕಾಲು ವೋಲ್ಟು. ಆದರೆ ಅಗ್ಗದ ಕೆಪಾಸಿಟರುಗಳು ತಾವೇ ಕೆಲವು ಮೈಕ್ರೋಆಂಪಿಯರುಗಳನ್ನು ಸೋರಿಸುವುದುಂಟು; ನಿದ್ರೆಯಿಂದ ಉಳಿಸಿದ್ದೆಲ್ಲ ಅಲ್ಲಿ ಪೋಲಾದೀತು. ಸೋರಿಕೆ ಕಡಿಮೆಯಿರುವುದನ್ನೇ ಆರಿಸಬೇಕು. ನಾವು ಹೊಸ ಯಂತ್ರವನ್ನು, ಸಾಕಷ್ಟು ಬಳಸಿದ ಬ್ಯಾಟರಿಯೊಡನೆ, ಒಂದು ರಾತ್ರಿ ಫ್ರೀಜರಿನಲ್ಲಿಟ್ಟು ಪರೀಕ್ಷಿಸಿದೆವು. ಗ್ಯಾರೇಜಿಗೆ ತೂಗುಹಾಕಿದ್ದು ಆಮೇಲೆ.

ಮನೆಯಲ್ಲಿ ಮಕ್ಕಳಿರುವವರು ಇನ್ನೊಂದನ್ನು ಗಮನಿಸಬೇಕು. ಈ ಬ್ಯಾಟರಿ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಗಳಲ್ಲಿ ತೀವ್ರವಾಗಿ ಸುಡಬಲ್ಲದು. ನುಂಗಿದ ಅನುಮಾನ ಬಂದರೂ ಸಾಕು, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ನಮ್ಮ ಯಂತ್ರದ ಮುಚ್ಚಳಕ್ಕೆ ಈಗ ಎರಡು ಸ್ಕ್ರೂಗಳಿವೆ.