ಬಡವರ ನೆರವು: ಹಕ್ಕೋ, ಹಂಗೋ?

ಬಡವನಿಗೆ ಅನ್ನವಿತ್ತರೆ ಅವನು ಸೋಮಾರಿಯಾಗುವನೆಂಬ ಆಕ್ಷೇಪ ಬಹು ಹಳೆಯದು. ಇಂಗ್ಲೆಂಡಿನಲ್ಲಿ 1601ರ ಕಾನೂನು ದೀನರ ಪೋಷಣೆಯ ಹೊಣೆಯನ್ನು ಆಯಾ ಪ್ಯಾರಿಷ್‌ಗಳಿಗೆ ವಹಿಸಿತ್ತು. ತೆರಿಗೆಯ ಭಾರ ಏರಿದಂತೆ, ನೆರವೇ ಆಲಸ್ಯದ ಮೂಲವೆಂಬ ವಾದ ಬಲಗೊಂಡು, 1834ರಲ್ಲಿ ಹೊಸ ಕಾನೂನು ಬಂದಿತು. ದುಡಿಯಬಲ್ಲವರಿಗೆ ‘ವರ್ಕ್‌ಹೌಸ್’ ಎಂಬ ದುಡಿಮೆಯ ಮನೆಯೊಳಗೆ ಮಾತ್ರ ನೆರವು. ಅಲ್ಲಿಯ ಸ್ಥಿತಿ ಹೊರಗಿನ ಅತ್ಯಂತ ಬಡ ಕೂಲಿಕಾರನ ಸ್ಥಿತಿಗಿಂತಲೂ ಕೀಳಾಗಿರಬೇಕು ಎಂಬುದು ಅದರ ತತ್ತ್ವ. ಸತಿಪತಿಗಳನ್ನೂ ಅಲ್ಲಿ ಬೇರೆ ಬೇರೆಯಾಗಿ ಇರಿಸುತ್ತಿದ್ದರು. ಆದರೆ ಆ ಗೋಡೆಗಳೊಳಗೆ ದುಡಿಯಲಾರದ ವೃದ್ಧರೂ ರೋಗಿಗಳೂ ಎಳೆಯರೂ ನರಳಿದರು. ಕೆಲಸವೇ ಸಿಗದ ಕಾಲದಲ್ಲಿ ಶಿಕ್ಷೆಯು ಯಾರನ್ನು ತಾನೇ ದುಡಿಸೀತು? 1948ರಲ್ಲಿ ಆ ವ್ಯವಸ್ಥೆ ರದ್ದಾಯಿತು. ದುಡಿಯುವ ಹೊಣೆ ವ್ಯಕ್ತಿಯದು, ನಿಜ. ದುಡಿಮೆಗೆ ಅವಕಾಶವನ್ನೂ ಅಶಕ್ತರಿಗೆ ಆಸರೆಯನ್ನೂ ಕಲ್ಪಿಸುವ ಹೊಣೆ ಸಮಾಜದ್ದು. ತನ್ನ ಹೊಣೆಯನ್ನು ಮರೆತ ಸಮಾಜಕ್ಕೆ ಬಡವನ ಹೊಣೆಯನ್ನು ಎತ್ತಿ ಆಡುವ ಅಧಿಕಾರವೆಲ್ಲಿಯದು?